ಫ್ಯಾನ್ ಆಮೇಲೆ, ಮೊದಲು ಹುಕ್ ನೋಡಿ

ಪ್ರಶ್ನೆ: ನಮ್ಮದು ವಿಜಯನಗರದಲ್ಲಿ ಎರಡನೇ ಮಹಡಿ ಮನೆ, ಮೇಲೆ ಬರೀ ಟೆರೇಸ್. ಕಟ್ಟಿ 22 ವರ್ಷ ಆಯಿತು. ಫ್ಯಾನ್‌ಗಳೂ ಆಗಿನವೇ. ರೂಮು 10ಕ್ಕೆ 12 ಅಡಿ. ಅಲ್ಲಿನ ಫ್ಯಾನ್ 5ರಲ್ಲಿ ಇಟ್ಟರೂ ನಿಧಾನ. ಹಾಲ್ 12ಕ್ಕೆ 18 ಅಡಿ, ಹೋದ ವರ್ಷ ಫಾಲ್ಸ್ ಸೀಲಿಂಗ್ ಮಾಡಿಸಿದ ಮೇಲೆ ಅಲ್ಲಿ ಗಾಳಿಯೇ ಸಾಲುತ್ತಿಲ್ಲ. ಅಂಗಡಿಯವರು ರೂಮಿಗೆ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನುವ ಮೋಟಾರಿನ ಫ್ಯಾನ್), ಹಾಲ್‌ಗೆ ಐದು ರೆಕ್ಕೆಯ ಫ್ಯಾನ್ ತಗೊಳ್ಳಿ ಅನ್ನುತ್ತಾರೆ. ಮನೆಯಲ್ಲಿ ಯುಪಿಎಸ್ ಇದೆ. ಗೃಹಜ್ಯೋತಿಯೂ ಇದೆ, ಆದರೆ ಏಪ್ರಿಲ್‌ನಲ್ಲಿ 208 ಯೂನಿಟ್ ಆಗಿ ಪೂರ್ತಿ ಬಿಲ್ ಕಟ್ಟಬೇಕಾಯಿತು. ರೂಮಿನಲ್ಲಿ ಅತ್ತೆ ಮಲಗುತ್ತಾರೆ. ಯಾವ ಫ್ಯಾನ್ ತಗೊಳ್ಳಲಿ, ಹಾಕಿಸುವಾಗ ಏನು ನೋಡಲಿ? ಇನ್ನೊಂದು, ರೂಮಿನ ಫ್ಯಾನ್ ಮೇಲಿನ ಕಪ್ ಸುತ್ತ ಕಂದು ಕಲೆ ಬಂದಿದೆ. ಪೇಂಟ್ ಮಾಡಿಸಿದರೆ ಹೋಗುತ್ತಾ?

ಉತ್ತರ: ನೀವು ಕೊನೆಗೆ ಕೇಳಿದ್ದೀರಲ್ಲ, ಆ ಕಂದು ಕಲೆ, ಅದರಿಂದಲೇ ಶುರು ಮಾಡುತ್ತೇನೆ. ಅದು ಪೇಂಟಿನ ವಿಷಯ ಅಲ್ಲ. ಟೆರೇಸ್ ಕೆಳಗಿನ ಮನೆಗಳಲ್ಲಿ ಇದು ಹೆಚ್ಚಾಗಿ ಹೀಗೇ ಆಗಿರುತ್ತದೆ: ಮೇಲೆ ಎಲ್ಲೋ ಒಂದು ಕೂದಲೆಳೆ ಬಿರುಕು, ಮಳೆನೀರು ಅದರಲ್ಲಿ ಇಳಿದು ಸ್ಲ್ಯಾಬ್ ಒಳಗಿನ ವೈರಿಂಗ್ ಪೈಪಿಗೆ ಸೇರುತ್ತದೆ, ಪೈಪು ನೀರನ್ನು ಸೀದಾ ಫ್ಯಾನ್ ಬಾಕ್ಸಿಗೆ ತಂದು ಬಿಡುತ್ತದೆ. ಅಲ್ಲಿಂದ ಹುಕ್ ಮೇಲೆ ಜಿನುಗಿ ಕಪ್ ಅಂಚಿಗೆ ಬರುತ್ತದೆ. ಆ ಕಂದು ಬಣ್ಣ ನಿಮ್ಮ ಹುಕ್ಕಿನ ತುಕ್ಕು.

ಅದಕ್ಕೇ ಹೇಳುತ್ತಿದ್ದೇನೆ, ಅಂಗಡಿಗೆ ಹೋಗುವ ಮುಂಚೆ ಕಪ್ ಇಳಿಸಿ ನೋಡಿ. ಯಾವ ಕಂಪನಿ, ಎಷ್ಟು ರೆಕ್ಕೆ, ರಿಮೋಟ್ ಇದೆಯಾ ಅಂತ ಜನ ವಾರಗಟ್ಟಲೆ ಹುಡುಕುತ್ತಾರೆ. ಅದು ಯಾವುದರಲ್ಲಿ ನೇತಾಡುತ್ತದೆ ಅಂತ ಒಂದು ನಿಮಿಷ ತಲೆ ಎತ್ತಿ ನೋಡುವುದಿಲ್ಲ. ನಾನು ವೈರಿಂಗ್ ಕೆಲಸಕ್ಕೆ ಬಂದು 26 ವರ್ಷ ಆಯಿತು. ಫ್ಯಾನ್ ಬಿತ್ತು ಅಂತ ಕರೆದ ಮನೆಗಳಲ್ಲಿ ಒಂದರಲ್ಲೂ ಫ್ಯಾನಿನದ್ದು ತಪ್ಪಿರಲಿಲ್ಲ. ಹುಕ್, ಬೋಲ್ಟ್, ಇಲ್ಲಾ ಪಿನ್. ಈ ಮೂರರಲ್ಲಿ ಒಂದು ಕೈಕೊಟ್ಟಿರುತ್ತಿತ್ತು.

ಎರಡು ವರ್ಷದ ಹಿಂದೆ ರಾಜಾಜಿನಗರದ ಒಂದು ಮನೆಗೆ ಹೋಗಿದ್ದೆ. ನಿಮ್ಮ ಹಾಗೇ ಮೇಲಿನ ಮಹಡಿ, ಹಾಗೇ ಕಪ್ ಸುತ್ತ ಕಲೆ. ಫ್ಯಾನ್ ಸ್ವಲ್ಪ ಟಕಟಕ ಅನ್ನುತ್ತದೆ ಅಂತ ಕರೆದಿದ್ದರು ಅಷ್ಟೇ. ಏಣಿ ಹತ್ತಿ ಕಪ್ಪಿನ ಸ್ಕ್ರೂ ಸಡಿಲ ಮಾಡಿ ಕೆಳಗೆ ಜಾರಿಸಿದೆ. ಹುಕ್ ಮತ್ತು ಬೋಲ್ಟ್ ಮಧ್ಯೆ ಒಂದು ರಬ್ಬರ್ ಬುಷ್ ಇರುತ್ತದೆ, ಹೊಲಿಗೆ ದಾರದ ರೀಲ್ ಥರ. ಅದು ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾಯಿತು. ಬುಷ್ ಹೋಗಿ ಎಷ್ಟೋ ವರ್ಷ ಆಗಿತ್ತು ಅನಿಸುತ್ತದೆ, ಬೋಲ್ಟಿನ ಕಬ್ಬಿಣ ಹುಕ್ಕಿನ ಕಬ್ಬಿಣಕ್ಕೆ ನೇರ ಉಜ್ಜಿ ಉಜ್ಜಿ, ಬೆರಳು ದಪ್ಪ ಇದ್ದ ಸರಳು ಬಾಗಿದ ಕಡೆ ಪೆನ್ಸಿಲ್‌ಗಿಂತ ತೆಳ್ಳಗಾಗಿತ್ತು. ಬೋಲ್ಟ್ ತುದಿಯಲ್ಲಿ ಪಿನ್ ಇರಬೇಕಾದ ತೂತಿಗೆ ಯಾರೋ ಬೈಂಡಿಂಗ್ ವೈರ್ ಸುತ್ತಿದ್ದರು. ಕೆಳಗೆ ಮಗುವಿನ ಮಂಚ. ಅವತ್ತು ಕೈ ನಡುಗಿತು ನನಗೆ. ಮೊದಲು ಮಂಚ ಎಳೆಸಿ, ಆಮೇಲೆ ಕೆಲಸ ಶುರು ಮಾಡಿದೆ.

ನೀವೂ ಹಾಗೇ ಮಾಡಿ. ಈ ಉತ್ತರ ಓದಿದ ದಿನವೇ ಅತ್ತೆಯವರ ಮಂಚವನ್ನು ಫ್ಯಾನ್ ಕೆಳಗಿಂದ ಪಕ್ಕಕ್ಕೆ ಸರಿಸಿ, ಫ್ಯಾನ್ ಆಫ್ ಮಾಡಿ ಇಡಿ.

ಈಗ ನೋಡುವುದು ಹೇಗೆ. ಎಲ್ಲಕ್ಕಿಂತ ಮೊದಲು ಕರೆಂಟ್. ನಿಮ್ಮ ಮನೆಯಲ್ಲಿ ಯುಪಿಎಸ್ ಇದೆ ಅಂದಿರಲ್ಲ, ಇದನ್ನು ಸರಿಯಾಗಿ ಓದಿಕೊಳ್ಳಿ. ಮೇನ್ ಸ್ವಿಚ್ ಆಫ್ ಮಾಡಿದರೆ ಫ್ಯಾನಿಗೆ ಕರೆಂಟ್ ಹೋಗುವುದಿಲ್ಲ ಅಂದುಕೊಳ್ಳುತ್ತಾರೆ ಜನ. ಆದರೆ ಮೇನ್ ಆಫ್ ಆದ ತಕ್ಷಣ ಯುಪಿಎಸ್ ಏನು ಮಾಡುತ್ತದೆ? ಕರೆಂಟ್ ಹೋಯಿತು ಅಂತ ತಿಳಿದು ಬ್ಯಾಟರಿಯಿಂದ ಅದೇ ವೈರಿಗೆ 230 ವೋಲ್ಟ್ ಕೊಡುತ್ತದೆ! ನಮ್ಮ ಊರಿನ ಮನೆಗಳಲ್ಲಿ ಯುಪಿಎಸ್ ಲೈನಿಗೆ ಮೊದಲು ಹಾಕುವುದೇ ಫ್ಯಾನ್ ಮತ್ತು ಲೈಟು. ಹಾಗಾಗಿ ಯುಪಿಎಸ್ಸನ್ನೂ ಆಫ್ ಮಾಡಿ, ಮೇನನ್ನೂ ಆಫ್ ಮಾಡಿ, ಆಮೇಲೆ ಟೆಸ್ಟರ್ ಹಿಡಿದು ಎರಡೂ ವೈರ್ ನೋಡಿ. ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ. ಹಳೇ ವೈರಿಂಗ್‌ನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುವುದು ಎಷ್ಟೋ ಸಲ ಸಿಗುತ್ತದೆ. ಆಗ ಫ್ಯಾನ್ ನಿಂತಿದ್ದರೂ ವೈರಲ್ಲಿ ಕರೆಂಟ್ ಇರುತ್ತದೆ. ನಿಮ್ಮದು ನೀರು ಇಳಿದಿರುವ ಬಾಕ್ಸ್ ಬೇರೆ, ಆದ್ದರಿಂದ ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ನೀವು ಕೆಳಗೆ ನಿಂತು ಟಾರ್ಚ್ ಹಿಡಿಯಿರಿ.

ಕಪ್ ಇಳಿದ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಹುಕ್ಕನ್ನು ಕೆರೆಯಲು ಹೇಳಿ. ಕಂದು ಪುಡಿ ಉದುರಿ ಒಳಗೆ ಗಟ್ಟಿ ಕಬ್ಬಿಣ ಹೊಳೆದರೆ ಭಯ ಇಲ್ಲ, ತಿಕ್ಕಿ ರೆಡ್ ಆಕ್ಸೈಡ್ ಬಳಿದರೆ ಸಾಕು. ಪದರ ಪದರವಾಗಿ ಸಿಪ್ಪೆ ಥರ ಎದ್ದು ಬಂದರೆ ಆ ಹುಕ್ಕಿನ ಕಥೆ ಮುಗಿಯಿತು. ಅನುಮಾನ ಇದ್ದರೆ ನಾನು ಒಂದು ಕೆಲಸ ಮಾಡುತ್ತೇನೆ: ಫ್ಯಾನ್ ಇಳಿಸಿ, ಹುಕ್ಕಿಗೆ ಹಗ್ಗ ಕಟ್ಟಿ 25 ಕೆಜಿ ಅಕ್ಕಿ ಮೂಟೆ ನೇತುಹಾಕಿ ಅರ್ಧ ಗಂಟೆ ಬಿಡುತ್ತೇನೆ, ನೆಲದಿಂದ ಅರ್ಧ ಅಡಿ ಮೇಲೆ. ಫ್ಯಾನಿನ ತೂಕ ಸಾಮಾನ್ಯವಾಗಿ ನಾಲ್ಕೈದು ಕೆಜಿ ಅಷ್ಟೇ, ಆದರೆ ಅದು ಸುಮ್ನೆ ನೇತಾಡುವುದಿಲ್ಲ, ವರ್ಷಗಟ್ಟಲೆ ಅಲುಗಾಡುತ್ತಾ ಎಳೆಯುತ್ತದೆ. ಅದಕ್ಕೇ ಅಷ್ಟು ಭಾರ ಇಟ್ಟು ನೋಡುವುದು.

ಹುಕ್ ಹೋಗಿದ್ದರೆ ಹಳೇ ಬಾಕ್ಸಿನ ಪಕ್ಕ ಸ್ಲ್ಯಾಬಿಗೆ ಡ್ರಿಲ್ ಹೊಡೆದು ಹುಕ್ ಇರುವ ಕಬ್ಬಿಣದ ಪ್ಲೇಟನ್ನು ನಾಲ್ಕು ಆ್ಯಂಕರ್ ಬೋಲ್ಟ್ ಹಾಕಿ ಬಿಗಿಸಬಹುದು. ಮರದ ಗೂಟ, ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಹಾಕುತ್ತೇನೆ ಅನ್ನುವವರನ್ನು ವಾಪಸ್ ಕಳಿಸಿ. ಆ್ಯಂಕರ್ ಬೋಲ್ಟ್ ಕಾಂಕ್ರೀಟಿಗೆ ಮಾತ್ರ. ಬಸವನಗುಡಿ, ಮಲ್ಲೇಶ್ವರದ ಹಳೇ ಮದ್ರಾಸ್ ಟೆರೇಸ್ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆಯ ಸೂರು) ಮನೆಯಾದರೆ ಹುಕ್ಕು ಮರದ ತೊಲೆಗೇ ಬರಬೇಕು. ಕಲ್ಲು ಚಪ್ಪಡಿ ಸೂರಾದರೆ ಡ್ರಿಲ್ ಮುಟ್ಟಿಸಲೇಬೇಡಿ, ಕಬ್ಬಿಣದ ಗರ್ಡರ್ ಇದ್ದರೆ ಅದಕ್ಕೆ ಕ್ಲ್ಯಾಂಪ್ ಹಾಕಿಸಿ.

ಮತ್ತೆ, ಟೆರೇಸ್ ಬಿರುಕು ಮುಚ್ಚದೆ ಹೊಸ ಹುಕ್ ಹಾಕಿದರೆ ಅದಕ್ಕೂ ಇದೇ ಗತಿ. ಬಿರುಕು ಮುಚ್ಚಿಸುವಾಗಲೇ ಮೇಲೆ ಬಿಳಿ ಬಣ್ಣದ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿ. ಇದರಿಂದ ಇನ್ನೊಂದು ಲಾಭ ಇದೆ. ನಿಮ್ಮ ರೂಮಿನ ಸೆಕೆಗೆ ಅರ್ಧ ಕಾರಣ ಆ ಸ್ಲ್ಯಾಬು. ಇಡೀ ದಿನ ಬಿಸಿಲು ಕುಡಿದು ರಾತ್ರಿ ಹತ್ತರವರೆಗೆ ಬಿಸಿ ಉಗುಳುತ್ತಿರುತ್ತದೆ. ಫ್ಯಾನ್ ರೂಮನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರು ಆರಿಸುತ್ತದೆ ಅಷ್ಟೇ. ಸೂರಿನ ಹತ್ತಿರ ನಿಂತ ಬಿಸಿ ಗಾಳಿಯನ್ನೇ ಅದು ಕೆಳಗೆ ತಳ್ಳುವುದು. ಬೆಂಗಳೂರಿಗೆ ಫ್ಯಾನ್ ಯಾಕೆ ಅನ್ನುತ್ತಿದ್ದ ಕಾಲ ಇತ್ತು, ನಿಜ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಆಯಿತು, 2024ರ ಏಪ್ರಿಲ್ 28ರಂದು 38.5. ಆದರೂ ನಮ್ಮ ಊರಿನ ಪುಣ್ಯ, ಸಂಜೆ ಆದ ಮೇಲೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿರುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ ಎರಡೂ ಕಡೆ ತೆಗೆದಿಡಿ, ಅದೇ ಫ್ಯಾನ್ ಬೇರೆ ಫ್ಯಾನ್ ಥರ ಅನಿಸುತ್ತದೆ.

ಈಗ ಆ ನಿಧಾನದ ಫ್ಯಾನ್. 22 ವರ್ಷ ಆಯಿತು ಅಂತ ಅದನ್ನು ಬಿಸಾಡಬೇಕಾಗಿಲ್ಲ. ಆಫ್ ಇದ್ದಾಗ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ಸುತ್ತಿದರೆ ಹೋಗಿರುವುದು ಹೆಚ್ಚಾಗಿ ಕಂಡೆನ್ಸರ್, ಅಂದರೆ ಮೋಟಾರಿಗೆ ತಿರುಗುವ ಬಲ ಕೊಡುವ ಸಣ್ಣ ಕೆಪಾಸಿಟರ್. ನೂರು ರೂಪಾಯಿ ಒಳಗೆ ಸಿಗುತ್ತದೆ. ಹಳೆಯದರ ಮೇಲೆ 2.5 ಅಥವಾ 3.15 ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ, ಅದೇ ಅಳತೆಯದ್ದನ್ನೇ ಹಾಕಿ. ಜಾಸ್ತಿ ಅಳತೆಯದ್ದು ಹಾಕಿದರೆ ಜೋರು ಓಡುತ್ತದೆ ಅಂತ ಕೆಲವರು ಹೇಳುತ್ತಾರೆ, ಕೇಳಬೇಡಿ, ಮೋಟಾರ್ ಬಿಸಿಯಾಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಬಿಗಿ ಇದ್ದರೆ, ಗರಗರ ಅಂದರೆ, ಅದು ಬೇರಿಂಗ್.

ಹಾಗಾದರೆ ಹೊಸದು ಬೇಡವಾ? ನಿಮ್ಮ ಲೆಕ್ಕದಲ್ಲಿ ಬೇಕು, ಅದೂ ಬಿಎಲ್‌ಡಿಸಿನೇ. ಕಾರಣ ನಿಮ್ಮ ಆ 208 ಯೂನಿಟ್. ಹಳೇ ಫ್ಯಾನ್ ಫುಲ್ಲಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ 30ರ ಆಸುಪಾಸು. ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಯೊಳಗೆ ಇದ್ದರೆ ದುಡ್ಡಿಲ್ಲ, ಮಿತಿ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ನೀವು ದಾಟಿದ್ದು ಎಂಟೇ ಯೂನಿಟ್ ಅಲ್ವಾ, ಒಂದು ಫ್ಯಾನ್ ಬದಲಾಯಿಸಿದ್ದರೆ ಆ ತಿಂಗಳು 195ಕ್ಕೆ ನಿಲ್ಲುತ್ತಿತ್ತು.

ಎಲ್ಲರಿಗೂ ಈ ಲೆಕ್ಕ ಹೊಂದುವುದಿಲ್ಲ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ ಆದ ಮೇಲೆ ಹೊಸ ಮಾಮೂಲಿ ಫ್ಯಾನುಗಳೇ 50 ವ್ಯಾಟಿನ ಹತ್ತಿರಕ್ಕೆ ಇಳಿದಿವೆ. ಹೊಸ ಮಾಮೂಲಿಗೂ ಬಿಎಲ್‌ಡಿಸಿಗೂ ಇರುವ ವ್ಯತ್ಯಾಸ 20 ವ್ಯಾಟ್ ಅಷ್ಟೇ, ಬೆಲೆಯಲ್ಲಿ ಸಾವಿರ ರೂಪಾಯಿಯಷ್ಟು. ರಾತ್ರಿ ಪೂರ್ತಿ ಓಡುವ ರೂಮಿಗೆ ಮೂರ್ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ. ನೆಂಟರು ಬಂದಾಗ ಮಾತ್ರ ಹಾಕುವ ರೂಮಿಗೆ ಹತ್ತು ವರ್ಷ ಆದರೂ ಬರುವುದಿಲ್ಲ, ಅಲ್ಲಿಗೆ ಮಾಮೂಲಿನೇ ಸಾಕು. ಅಂಗಡಿಯಲ್ಲಿ ಲೇಬಲ್ ಮೇಲೆ ಸರ್ವೀಸ್ ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತದೆ ನೋಡಿ. ಫ್ಯಾನ್ ನಿಮಿಷಕ್ಕೆ ಕೊಡುವ ಗಾಳಿಯನ್ನು ವ್ಯಾಟಿನಿಂದ ಭಾಗಿಸಿದರೆ ಬರುವುದು ಅದು. 210 ಘನ ಮೀಟರ್ ಗಾಳಿ, 30 ವ್ಯಾಟ್ ಅಂದರೆ 7. ಅದೇ ಗಾಳಿಗೆ 52 ವ್ಯಾಟ್ ಆದರೆ 4. ಆದರೆ ಬರೀ ಈ ಅಂಕಿ ನೋಡಿ ಮೋಸ ಹೋಗಬೇಡಿ, ಒಟ್ಟು ಗಾಳಿ ಎಷ್ಟು ಅಂತಲೂ ನೋಡಿ. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ. ಬಿವಿಕೆ ಅಯ್ಯಂಗಾರ್ ರಸ್ತೆ, ಎಸ್‌ಪಿ ರೋಡ್ ಕಡೆ ಹೋದರೆ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡಬಹುದು, ಓಡಿಸಿಯೂ ತೋರಿಸುತ್ತಾರೆ. ಹತ್ತಿರ ಹೋಗಿ ಸದ್ದು ಕೇಳಿ, ಗಲಾಟೆಯ ಅಂಗಡಿಯಲ್ಲಿ ಕೇಳಿಸುವ ಸದ್ದು ಮನೆಯಲ್ಲಿ ರಾತ್ರಿ ನಿದ್ದೆ ಕೆಡಿಸುತ್ತದೆ.

ಬಿಎಲ್‌ಡಿಸಿ ಹಾಕುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿಬಿಡಿ, ವೈರನ್ನು ಸ್ವಿಚ್ಚಿಂದ ನೇರ ಕೊಡಿಸಿ. ಆ ಫ್ಯಾನಿನೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದೆ, ಹಳೇ ರೆಗ್ಯುಲೇಟರಿನಲ್ಲಿ ತಿರುವುತ್ತಿದ್ದರೆ ಬೋರ್ಡ್ ಹಾಳಾಗುತ್ತದೆ. ಅತ್ತೆಯವರು ರಾತ್ರಿ ಕತ್ತಲಲ್ಲಿ ರಿಮೋಟ್ ಹುಡುಕಬೇಕಾ ಅಂತ ಯೋಚನೆ ಮಾಡಿ. ವಯಸ್ಸಾದವರಿಗೆ ಗೋಡೆಯ ಗುಂಡಿ ಕೈಗೆ ರೂಢಿಯಾಗಿರುತ್ತದೆ. ಬಿಎಲ್‌ಡಿಸಿಗೆಂದೇ ಮಾಡಿದ ರೆಗ್ಯುಲೇಟರ್ ಜೊತೆ ಬರುವ ಮಾಡೆಲ್ಲುಗಳೂ ಇವೆ, ಅಂಥದ್ದು ಕೇಳಿ. ಬೋರ್ಡ್ ಕೆಟ್ಟರೆ ಬೀದಿ ಮೂಲೆಯ ರೀವೈಂಡಿಂಗ್ ಅಂಗಡಿಯಲ್ಲಿ ರಿಪೇರಿ ಆಗುವುದು ಕಷ್ಟ, ಹಾಗಾಗಿ ಗ್ಯಾರಂಟಿ ಎಷ್ಟು ವರ್ಷ, ಬೋರ್ಡಿಗೂ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡುವಾಗ ಇದರ ಸುಖ ಗೊತ್ತಾಗುತ್ತದೆ. ಬ್ಯಾಟರಿಗೆ ಭಾರ ಅರ್ಧಕ್ಕಿಂತ ಕಡಿಮೆ, ಹಳೇ ಫ್ಯಾನ್ ಕೆಲವು ಯುಪಿಎಸ್ ಮೇಲೆ ಮಾಡುವ ಆ ಗುಂಯ್ ಸದ್ದೂ ಇರುವುದಿಲ್ಲ.

10ಕ್ಕೆ 12ರ ರೂಮಿಗೆ 1200 ಮಿಮೀ, ಅಂದರೆ 48 ಇಂಚಿನದ್ದು ಸರಿ. ಹಾಲ್‌ಗೆ ಐದು ರೆಕ್ಕೆ ಬೇಡ. ನೋಡಲು ಚೆಂದ, ಬೇಡ ಅನ್ನಲ್ಲ, ಆದರೆ ರೆಕ್ಕೆ ಜಾಸ್ತಿಯಾದರೆ ಗಾಳಿ ಜಾಸ್ತಿ ಅಲ್ಲ. ಅಂಥ ಫ್ಯಾನುಗಳು ಹೆಚ್ಚಾಗಿ ನಿಧಾನ ತಿರುಗುತ್ತವೆ, ನಮ್ಮ ಸೆಕೆಗೆ ಮೂರು ರೆಕ್ಕೆಯದ್ದೇ ಒಳ್ಳೆಯದು. 18 ಅಡಿ ಉದ್ದದ ಹಾಲ್‌ಗೆ ಒಂದು 1200 ಸಾಲುವುದಿಲ್ಲ. 1400 ಮಿಮೀ ಒಂದು ಹಾಕಿ, ಇಲ್ಲವೇ ಊಟದ ಟೇಬಲ್ ಮೇಲೆ ಇನ್ನೊಂದು ಪಾಯಿಂಟ್ ಎಳೆಸಿ.

ಆದರೆ ಹಾಲ್‌ನಲ್ಲಿ ಗಾಳಿ ಕಮ್ಮಿಯಾಗಿದ್ದು ಫಾಲ್ಸ್ ಸೀಲಿಂಗ್ ಆದ ಮೇಲೆ ಅಂದಿರಿ. ಹೊಸ ಫ್ಯಾನ್ ತರುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಫ್ಯಾನ್ ಗಾಳಿಯನ್ನು ಮೇಲಿಂದ ಎಳೆದು ಕೆಳಗೆ ಬಿಡುವುದು. ರೆಕ್ಕೆಗೂ ಸೂರಿಗೂ ಮಧ್ಯೆ ಒಂದು ಅಡಿಯಾದರೂ ಜಾಗ ಬೇಕು, ಇಲ್ಲದಿದ್ದರೆ ಎಳೆಯಲು ಗಾಳಿ ಎಲ್ಲಿಂದ ಬರಬೇಕು? ನಿಮ್ಮ ಸ್ಲ್ಯಾಬ್ 10 ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ಒಂದು ಅಡಿ ರಾಡಿನಲ್ಲಿ ರೆಕ್ಕೆ ಸ್ಲ್ಯಾಬಿನಿಂದ ಸುಮಾರು 14 ಇಂಚು ಕೆಳಗೆ ಬರುತ್ತದೆ. ಫಾಲ್ಸ್ ಸೀಲಿಂಗ್ 8 ಇಂಚು ಇಳಿದಿದ್ದರೆ ಉಳಿದದ್ದು ಆರೇ ಇಂಚು. ಒಂದೂವರೆ ಅಡಿ ರಾಡ್ ಹಾಕಿದರೆ ಆ ಜಾಗ 12 ಇಂಚಾಗುತ್ತದೆ, ರೆಕ್ಕೆ ನೆಲದಿಂದ 8 ಅಡಿ 4 ಇಂಚು ಎತ್ತರದಲ್ಲಿ ಇರುತ್ತದೆ. ಏಳೂವರೆ ಅಡಿಗಿಂತ ಕೆಳಗೆ ಮಾತ್ರ ಯಾವತ್ತೂ ಬರಬಾರದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುವ ಮನೆಯಲ್ಲಿ ಅದೂ ಸಾಲದು. ಬರೀ ರಾಡ್ ಬದಲಾಯಿಸಿದರೆ ನಿಮ್ಮ ಹಾಲ್ ಸರಿಹೋಗುವ ಸಾಧ್ಯತೆ ಇದೆ, ಅದನ್ನು ಮೊದಲು ಮಾಡಿ ನೋಡಿ. ಉದ್ದ ರಾಡಿಗೆ ಫ್ಯಾನಿನ ವೈರ್ ಸಾಲದೆ ಹೋದರೆ ರಾಡ್ ಒಳಗೆ ಜಾಯಿಂಟ್ ಹಾಕಲು ಬಿಡಬೇಡಿ, ಒಂದೇ ತುಂಡು ವೈರ್ ಎಳೆಸಿ. ಫ್ಯಾನ್ ಭಾರ ಸ್ಲ್ಯಾಬಿನ ಹುಕ್ಕಿನ ಮೇಲೇ ಇರಬೇಕು, ಜಿಪ್ಸಮ್ ಹಲಗೆ ಮೇಲೆ ಅಲ್ಲ.

ರೂಮಿನಲ್ಲಿ ಸಜ್ಜಾ ಇದೆಯಾ, ವಾರ್ಡ್‌ರೋಬ್ ಮೇಲೆ ಬಾಗಿಲಿರುವ ಲಾಫ್ಟ್ ಇದೆಯಾ? ಬಾಗಿಲು ಪೂರ್ತಿ ತೆಗೆದು ನಿಲ್ಲಿಸಿ, ಫ್ಯಾನ್ ಆಫ್ ಇದ್ದಾಗ ರೆಕ್ಕೆಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಫ್ಯಾನ್ ಓಡುವಾಗ ಲಾಫ್ಟ್ ಬಾಗಿಲು ತೆಗೆದು ರೆಕ್ಕೆ ಬಡಿದ ಮನೆ ನೋಡಿದ್ದೇನೆ, ಬಾಗಿಲಿನ ಅಂಚು ಕಚ್ಚಿ ಹೋಗಿತ್ತು. ರೆಕ್ಕೆಗೂ ಸಜ್ಜಾಕ್ಕೂ ಎರಡು ಅಡಿ ಬಿಟ್ಟರೆ ಗಾಳಿಯೂ ಚೆನ್ನಾಗಿ ಬರುತ್ತದೆ.

ಹಾಕುವ ದಿನ ನೀವು ಅಲ್ಲೇ ನಿಂತಿರಿ. ಈಗ ಒಂದು ಫ್ಯಾನ್ ಹಾಕಲು 300ರಿಂದ 500 ಕೇಳುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಸಿ ಇನ್ನೊಂದು ಮನೆಗೆ ಓಡುವ ಅವಸರ ಅವರಿಗೆ. ನೀವು ನೋಡಬೇಕಾದ್ದು ಇಷ್ಟು. ಹಳೇ ಬೋಲ್ಟ್, ಹಳೇ ಬುಷ್ ವಾಪಸ್ ಹಾಕಬಾರದು, ಡಬ್ಬಿಯಲ್ಲಿ ಬಂದ ಹೊಸದನ್ನೇ ಹಾಕಬೇಕು. ರಾಡಿನ ಮೇಲೆ ಒಂದು ಬೋಲ್ಟ್, ಕೆಳಗೆ ಮೋಟಾರ್ ಹತ್ತಿರ ಒಂದು, ಎರಡಕ್ಕೂ ನಟ್ ಬಿಗಿಸಿದ ಮೇಲೆ ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡೂ ಕಾಲನ್ನು ಅಗಲಿಸಿ ಬಗ್ಗಿಸಿರಬೇಕು. ಬಗ್ಗಿಸದ ಪಿನ್ ಆರು ತಿಂಗಳಲ್ಲಿ ಅಲುಗಾಟಕ್ಕೆ ಜಾರಿ ಬೀಳುತ್ತದೆ, ಪಿನ್ ಇಲ್ಲದ ನಟ್ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಕಪ್ ಮುಚ್ಚಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಮುಚ್ಚುವ ಮುಂಚೆ ಫೋನಲ್ಲಿ ಒಂದು ಫೋಟೊ ತೆಗೆಯಿರಿ. ಡಬ್ಬಿಯಲ್ಲಿ ಸಣ್ಣ ಸ್ಟೀಲ್ ಹಗ್ಗ ಕೊಟ್ಟಿದ್ದರೆ ಅದನ್ನು ಬಿಸಾಡಲು ಬಿಡಬೇಡಿ. ಬೋಲ್ಟ್ ಕೈಕೊಟ್ಟರೆ ಫ್ಯಾನನ್ನು ಹಿಡಿದುಕೊಳ್ಳುವುದು ಅದೇ. ಹಸಿರು ಅರ್ತ್ ವೈರ್ ಕೂಡ ಸೇರಿಸಬೇಕು, ಪಾಯಿಂಟಿನಲ್ಲಿ ಎರಡೇ ವೈರ್ ಇದ್ದರೆ ಮೂರನೆಯದು ಎಳೆಯಲು ಆಗುತ್ತದಾ ಅಂತ ಕೇಳಿ.

ರೆಕ್ಕೆಗಳು ಮೂರೂ ಒಂದೇ ಡಬ್ಬಿಯವು ಆಗಿರಬೇಕು, ತೂಕ ಹೊಂದಿಸಿ ಕಳಿಸಿರುತ್ತಾರೆ. ಎರಡು ಫ್ಯಾನ್ ಒಟ್ಟಿಗೆ ತಂದಾಗ ರೆಕ್ಕೆ ಅದಲು ಬದಲಾಗಿ ಫ್ಯಾನ್ ಓಲಾಡುವುದು ಮಾಮೂಲಿ. ಹಾಕಿದ ಮೇಲೂ ಓಲಾಡಿದರೆ ಆಫ್ ಮಾಡಿ, ಟೇಪನ್ನು ಸೂರಿಗೆ ತಾಗಿಸಿ ಒಂದೇ ಜಾಗದಲ್ಲಿ ನಿಂತು ಮೂರೂ ರೆಕ್ಕೆಯ ತುದಿ ಅಳೆಯಿರಿ. ಒಂದು ಮಾತ್ರ ಕೆಳಗಿದ್ದರೆ ಮೊದಲು ಅದರ ಸ್ಕ್ರೂ ಬಿಗಿ ಮಾಡಿ. ಆಮೇಲೂ ಹಾಗೇ ಇದ್ದರೆ ಆ ರೆಕ್ಕೆ ಬಾಗಿದೆ, ಬದಲಾಯಿಸಿಕೊಡಲು ಅಂಗಡಿಯವರನ್ನು ಕೇಳಿ.

ಮೊದಲ ಜೋರು ಮಳೆಯ ಮಾರನೇ ದಿನ ರೂಮಿನ ಕಪ್ಪನ್ನು ಇನ್ನೊಮ್ಮೆ ಇಳಿಸಿ ಒಳಗೆ ಬೆರಳಾಡಿಸಿ ನೋಡಿ, ಯುಪಿಎಸ್ ಮತ್ತು ಮೇನ್ ಎರಡೂ ಆಫ್ ಮಾಡಿ. ಒಣಗಿದ್ದರೆ ಅತ್ತೆಯವರ ಮಂಚವನ್ನು ಮೊದಲಿದ್ದ ಜಾಗಕ್ಕೆ ಹಾಕಬಹುದು.